ಒಟ್ಟಿಗೆ ಸೋಲದ ಬೆಳೆಗಳು: ಯಾವ ಹೊಲಕ್ಕೆ ಯಾವ ವೈವಿಧ್ಯ?

ಒಂದೇ ಬೆಳೆಯನ್ನು ನೆಚ್ಚಿ ಸೋತ ಕುಟುಂಬಕ್ಕೆ ಸಿಗುವ ಸಲಹೆ ಬಹುತೇಕ ಒಂದೇ: ನಾಲ್ಕಾರು ಬೆಳೆ ಹಾಕಿ. ಈ ಮಾತಿನಲ್ಲಿ ತಪ್ಪಿಲ್ಲ, ಆದರೆ ಇಷ್ಟರಿಂದ ಪ್ರಯೋಜನವೂ ಇಲ್ಲ. ಒಂದೇ ವಾರದಲ್ಲಿ ನೀರು ಬೇಡುವ, ಒಂದೇ ಕೀಟಕ್ಕೆ ತುತ್ತಾಗುವ, ಒಬ್ಬನೇ ವ್ಯಾಪಾರಿಯ ತಕ್ಕಡಿಗೆ ಬೀಳುವ ನಾಲ್ಕು ಬೆಳೆಗಳು ಎಣಿಕೆಗೆ ಮಾತ್ರ ನಾಲ್ಕು. ಕೆಟ್ಟ ವರ್ಷ ಬಂದಾಗ ನಾಲ್ಕೂ ಒಟ್ಟಿಗೆ ಮಲಗುತ್ತವೆ. ಎರಡೇ ಬೆಳೆಗಳಿದ್ದರೂ ಅವು ಬೇರೆ ಬೇರೆ ಕಾರಣಕ್ಕೆ ಸೋಲುವಂಥವಾದರೆ ಆ ಹೊಲ ಹೆಚ್ಚು ಭದ್ರ. ಈ ಬರಹದುದ್ದಕ್ಕೂ ನಾನು ಹಿಡಿದಿರುವ ಅಳತೆಗೋಲು ಇದೇ: ಈ ವೈವಿಧ್ಯ ಯಾವ ಸೋಲನ್ನು ತಡೆಯುತ್ತದೆ, ಯಾವುದನ್ನು ತಡೆಯಲಾರದು?

ವೈವಿಧ್ಯದ ಮಾತು ಇಷ್ಟು ತುರ್ತಾಗಿರುವುದಕ್ಕೆ ಕಾರಣವಿದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2019ರಲ್ಲಿ ಹೊರತಂದ ವರದಿಯಂತೆ ಮನುಷ್ಯರು ಆಹಾರಕ್ಕಾಗಿ ಬೆಳೆಸಿರುವ ಸಸ್ಯ ಜಾತಿಗಳು ಸುಮಾರು 6,000. ಆದರೆ ಜಗತ್ತಿನ ಒಟ್ಟು ಬೆಳೆ ಉತ್ಪಾದನೆಯ ಶೇಕಡಾ 66ರಷ್ಟು ಬರುವುದು ಒಂಬತ್ತೇ ಬೆಳೆಗಳಿಂದ: ಕಬ್ಬು, ಮೆಕ್ಕೆಜೋಳ, ಭತ್ತ, ಗೋಧಿ, ಆಲೂಗಡ್ಡೆ, ಸೋಯಾ, ಎಣ್ಣೆ ತಾಳೆ, ಸಕ್ಕರೆ ಬೀಟ್, ಮರಗೆಣಸು. ಉಳಿದ ಸಾವಿರಾರು ಬೆಳೆಗಳನ್ನು ಇಂದಿಗೂ ಉಳಿಸಿಕೊಂಡಿರುವವರಲ್ಲಿ ಸಣ್ಣ ಹಿಡುವಳಿಯ ರೈತರ ಪಾಲು ದೊಡ್ಡದು. ಆದರೆ ಜಗತ್ತಿನ ಬೀಜ ಉಳಿಸುವ ಹೊರೆಯನ್ನು ಅವರ ತಲೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ಅವರು ವೈವಿಧ್ಯವನ್ನು ಆರಿಸಿಕೊಂಡರೆ ಅದು ಮೊದಲು ಅವರ ಮನೆಗೇ ಒಳಿತಾಗಬೇಕು.

ಆರಿಸುವ ಮುನ್ನ

ಬೀಜದ ಪಟ್ಟಿ ಬರೆಯುವ ಮೊದಲು ಮನೆಯವರೆಲ್ಲ ಕುಳಿತು ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು: ನಮ್ಮನ್ನು ಕೆಡವುವುದು ಯಾವುದು? ಮಳೆಯೇ, ರೋಗವೇ, ಬೆಲೆಯೇ, ಬರಡಾಗುತ್ತಿರುವ ಮಣ್ಣೇ, ಕಣಜ ಖಾಲಿಯಾಗಿ ಮುಂದಿನ ಸುಗ್ಗಿ ಇನ್ನೂ ದೂರವಿರುವ ತಿಂಗಳುಗಳೇ, ಅಥವಾ ದುಡಿಯುವ ಕೈ ಸಾಲದಿರುವುದೇ? ಇವುಗಳಲ್ಲಿ ಒಂದೊಂದಕ್ಕೂ ಮದ್ದು ಬೇರೆ. ತಳಿ ಬೆರೆಸಿದರೆ ರೋಗ ತಗ್ಗಬಹುದು, ಬೆಲೆ ಕುಸಿತಕ್ಕೆ ಅದು ಅಡ್ಡ ಬರುವುದಿಲ್ಲ. ಮರ ಬೆಳೆಸಿದರೆ ಮಣ್ಣು ಉಳಿಯುತ್ತದೆ, ಈ ವರ್ಷದ ಸಾಲ ತೀರುವುದಿಲ್ಲ.

ಲಾಭವನ್ನು ಸರಾಸರಿಯಲ್ಲಿ ಅಳೆಯುವ ಅಭ್ಯಾಸವನ್ನು ಇಲ್ಲಿ ಬಿಡಬೇಕಾಗುತ್ತದೆ. ಹತ್ತು ವರ್ಷದ ಸರಾಸರಿ ಎಷ್ಟೇ ಚೆನ್ನಾಗಿರಲಿ, ಜಮೀನು ಅಡಮಾನಕ್ಕೆ ಹೋಗುವುದು, ಮಕ್ಕಳು ಶಾಲೆ ಬಿಡುವುದು, ಮನೆಮಂದಿ ವಲಸೆ ಹೊರಡುವುದು ಆ ಹತ್ತರಲ್ಲಿ ಒಂದು ವರ್ಷದಲ್ಲಿ. ಆದ್ದರಿಂದ ಎರಡು ದಾರಿಗಳನ್ನು ಹೋಲಿಸುವಾಗ ಅತ್ಯುತ್ತಮ ವರ್ಷವನ್ನು ಬದಿಗಿಟ್ಟು, ಅತಿ ಕೆಟ್ಟ ವರ್ಷದಲ್ಲಿ ಯಾವುದು ಎಷ್ಟು ಕೊಡುತ್ತದೆ ಎಂದು ನೋಡಬೇಕು. ಜೊತೆಗೆ ತಿಂಗಳುವಾರು ಲೆಕ್ಕ: ಹಣ ಯಾವ ತಿಂಗಳು ಬರುತ್ತದೆ, ಊಟಕ್ಕೆ ಯಾವ ತಿಂಗಳು ಕೊರತೆ.

ದುಡಿಮೆ ಯಾರದು ಎಂಬುದನ್ನೂ ಕೇಳಲೇಬೇಕು. ವೈವಿಧ್ಯವನ್ನು ಹೊಗಳುವ ಬರಹಗಳು ಸಾಮಾನ್ಯವಾಗಿ ಹಾರಿಸಿಬಿಡುವ ಪ್ರಶ್ನೆ ಇದು. ಹೊಸದಾಗಿ ಸೇರಿದ ಪ್ರತಿ ಬೆಳೆಗೂ ಬಿತ್ತನೆ, ಕಳೆ, ಕೊಯ್ಲು, ಒಕ್ಕಣೆ, ಬೀಜ ಕಾಪಿಡುವ ಕೆಲಸ ಇರುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಹಲವೆಡೆ ಹೆಂಗಸರ ಹೆಗಲಿಗೆ ಬೀಳುತ್ತದೆ, ಹಣ ಮಾತ್ರ ಬೇರೆಯವರ ಕೈಗೆ ಹೋಗುತ್ತದೆ. ಹೀಗಾದರೆ ಹೊಲ ಸಮೃದ್ಧವಾಗಬಹುದು, ಮನೆ ಸೊರಗುತ್ತದೆ.

ಏಕಬೆಳೆ: ಎಲ್ಲಿ ಸರಿ, ಎಲ್ಲಿ ಅಪಾಯ

ಏಕಬೆಳೆ ಆರಿಸಿದವರು ತಿಳಿಯದವರಲ್ಲ. ಒಂದೇ ಬೆಳೆಯಾದರೆ ಕೈ ಪಳಗುತ್ತದೆ, ಯಂತ್ರ ಇಳಿಸಬಹುದು, ಸಾಲ ಮತ್ತು ವಿಮೆ ಸುಲಭವಾಗಿ ಸಿಗುತ್ತವೆ, ವ್ಯಾಪಾರಿ ಲಾರಿ ತುಂಬಿಸಿಕೊಂಡು ಹೋಗುತ್ತಾನೆ. ನೀರಾವರಿ ಖಚಿತವಾಗಿರುವಲ್ಲಿ, ಬೆಲೆಗೆ ಭರವಸೆ ಇರುವಲ್ಲಿ, ಮನೆಗೆ ಹೊಲದ ಹೊರಗಿನ ಸಂಬಳವೊಂದು ಬರುತ್ತಿರುವಲ್ಲಿ ಏಕಬೆಳೆ ವಿವೇಕದ ಆಯ್ಕೆಯೇ ಆಗಬಹುದು. ಸಂಬಳ ತರುವ ಮಗಳೋ ಮಗನೋ ಇರುವ ಮನೆ ಆಗಲೇ ವೈವಿಧ್ಯವನ್ನು ಗಳಿಸಿಕೊಂಡಿದೆ, ಅದು ಹೊಲದೊಳಗೆ ಕಾಣುವುದಿಲ್ಲ ಅಷ್ಟೇ.

ನೆರೆಹೊರೆಯವರೆಲ್ಲರೂ ಅದೇ ಬೆಳೆಯ ಅದೇ ತಳಿಗೆ ಬಂದಾಗ ಅಪಾಯ ಹಿಗ್ಗುತ್ತದೆ. ಐರ್ಲೆಂಡಿನಲ್ಲಿ 1845ರಲ್ಲಿ ಅಂಗಮಾರಿ ರೋಗ ಹೊಕ್ಕಾಗ ಬಡ ಗೇಣಿದಾರರು ನೆಚ್ಚಿಕೊಂಡಿದ್ದದ್ದು ಹೆಚ್ಚಾಗಿ ಲಂಪರ್ ಎಂಬ ಒಂದೇ ಆಲೂಗಡ್ಡೆ ತಳಿಯನ್ನು. ಗೆಡ್ಡೆಯಿಂದಲೇ ಗೆಡ್ಡೆ ಬೆಳೆಸುವುದರಿಂದ ಗಿಡಗಳೆಲ್ಲ ಒಂದೇ ಅಚ್ಚಿನವು, ಹಾಗಾಗಿ ಒಂದು ಗಿಡ ಸೋತ ರೋಗಕ್ಕೆ ಎಲ್ಲ ಗಿಡಗಳೂ ಸೋತವು. ಮುಂದಿನ ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಹೆಚ್ಚುಕಡಿಮೆ ಅಷ್ಟೇ ಜನ ದೇಶ ಬಿಟ್ಟರು. ಆ ಕಾಲದಲ್ಲೂ ಐರ್ಲೆಂಡಿನಿಂದ ಧಾನ್ಯ ಹೊರಗೆ ಹೋಗುತ್ತಲೇ ಇತ್ತು ಎಂಬುದನ್ನು ಮರೆಯಬಾರದು. ದೇಶದಲ್ಲಿ ಬೇರೆ ಬೆಳೆಗಳಿದ್ದವು, ತುಂಡು ನೆಲದ ಗೇಣಿದಾರನ ಪಾಲಿಗೆ ಅವು ಇರಲಿಲ್ಲ.

ವಿಜ್ಞಾನ ಬೆಳೆದ ಮೇಲೂ ಇದು ನಿಂತಿಲ್ಲ. ಅಮೆರಿಕದಲ್ಲಿ 1970ರ ವೇಳೆಗೆ ಹೈಬ್ರಿಡ್ ಮೆಕ್ಕೆಜೋಳದ ಶೇಕಡಾ 85ರಷ್ಟು ಭಾಗಕ್ಕೆ ಗಂಡು ಹೂವಿನಲ್ಲಿ ಪರಾಗ ಕಟ್ಟದಂತೆ ಮಾಡುವ, ಒಂದೇ ಮೂಲದ ಗುಣವೊಂದನ್ನು ಸೇರಿಸಲಾಗಿತ್ತು. ಬೀಜ ಉತ್ಪಾದಿಸುವಾಗ ಗಂಡು ಹೂ ಕಿತ್ತುಹಾಕುವ ಕೂಲಿ ಉಳಿಯಲಿ ಎಂಬುದು ಉದ್ದೇಶ. ಆ ಗುಣವೇ ಎಲೆ ಅಂಗಮಾರಿಯ ಹೊಸ ಬಗೆಯೊಂದಕ್ಕೆ ಬಾಗಿಲು ತೆರೆಯಿತು. ದೇಶದ ಮೆಕ್ಕೆಜೋಳದ ಫಸಲಿನಲ್ಲಿ ಸುಮಾರು ಶೇಕಡಾ 15 ಒಂದೇ ವರ್ಷದಲ್ಲಿ ಹೋಯಿತು.

ಇನ್ನು ಬೆಲೆಯ ಸೋಲು. ದೇಶಕ್ಕಿಷ್ಟು ಎಂದು ರಫ್ತಿಗೆ ಮಿತಿ ಹಾಕಿ ಬೆಲೆ ಹಿಡಿದಿಟ್ಟಿದ್ದ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಪಾಲು ಪದ್ಧತಿ 1989ರಲ್ಲಿ ಮುರಿದುಬಿದ್ದಾಗ ಜಗತ್ತಿನ ಕಾಫಿ ಬೆಲೆ ತೀವ್ರವಾಗಿ ಕುಸಿಯಿತು. ಹದವಾದ ಮಳೆ ಬಿದ್ದು, ರೋಗವಿಲ್ಲದೆ ಫಲ ಬಿಟ್ಟ ತೋಟಗಳೂ ನಷ್ಟ ಅನುಭವಿಸಿದವು. ಇಂಥ ಸೋಲಿಗೆ ಕಾಫಿಯ ಹತ್ತು ತಳಿ ನೆಟ್ಟರೂ ಉತ್ತರವಿಲ್ಲ. ಬೇರೆ ಮಾರುಕಟ್ಟೆಯ ಬೆಳೆ ಅಥವಾ ಮನೆಯಲ್ಲೇ ಉಣ್ಣುವ ಬೆಳೆ ಬೇಕು.

ತಳಿಗಳನ್ನು ಬೆರೆಸುವುದು

ಬೆಳೆ ಬದಲಿಸದೆ, ಹೊಸ ಯಂತ್ರ ಕೊಳ್ಳದೆ, ಹೊಸ ವ್ಯಾಪಾರಿಯನ್ನು ಹುಡುಕದೆ ಮಾಡಬಹುದಾದ ಬದಲಾವಣೆ ಇದು. ಚೀನಾದ ಯುನ್ನಾನ್ ಪ್ರಾಂತ್ಯದಲ್ಲಿ ಅಂಟುಭತ್ತದ ತಳಿಗಳಿಗೆ ಒಳ್ಳೆಯ ಬೆಲೆ ಇತ್ತು, ಆದರೆ ಬೆಂಕಿರೋಗ ಅವುಗಳನ್ನು ತಿಂದುಹಾಕುತ್ತಿತ್ತು. 1998 ಮತ್ತು 1999ರಲ್ಲಿ ಅಲ್ಲಿನ ಸಾವಿರಾರು ರೈತರು ರೋಗ ತಡೆಯುವ ಹೈಬ್ರಿಡ್ ಭತ್ತದ ಸಾಲುಗಳ ನಡುವೆ ಅಂಟುಭತ್ತದ ಸಾಲು ನೆಟ್ಟರು. ಒಂಟಿಯಾಗಿ ಬೆಳೆದ ಗದ್ದೆಗೆ ಹೋಲಿಸಿದರೆ ಅಂಟುಭತ್ತದ ಮೇಲೆ ಬೆಂಕಿರೋಗದ ತೀವ್ರತೆ ಶೇಕಡಾ 94ರಷ್ಟು ಇಳಿಯಿತು, ಅದರ ಇಳುವರಿ ಶೇಕಡಾ 89ರಷ್ಟು ಏರಿತು. ಎರಡನೆಯ ವರ್ಷ ಮುಗಿಯುವ ಹೊತ್ತಿಗೆ ಶಿಲೀಂಧ್ರನಾಶಕ ಸಿಂಪಡಿಸುವುದನ್ನೇ ಬಿಟ್ಟಿದ್ದರು. ರೋಗದ ಬೀಜಕಣ ಗಾಳಿಯಲ್ಲಿ ಹಾರಿ ಹೋಗಿ ಬೀಳುವ ಪಕ್ಕದ ಗಿಡ ಅದಕ್ಕೆ ಒಗ್ಗದ ಗಿಡವಾಗಿದ್ದರೆ ರೋಗದ ಓಟ ಅಲ್ಲೇ ಕುಗ್ಗುತ್ತದೆ.

ಗಾಳಿಯಲ್ಲಿ ಹರಡುವ ಎಲೆರೋಗ ನಿಮ್ಮ ಮುಖ್ಯ ಶತ್ರುವಾಗಿದ್ದರೆ ನಾನು ಮೊದಲು ಹೇಳುವುದು ಇದನ್ನೇ. ಬರಕ್ಕೂ ಬೆಲೆ ಕುಸಿತಕ್ಕೂ ಇದರಿಂದ ಸಿಗುವ ರಕ್ಷಣೆ ಅಲ್ಪ. ಬೆರೆಸುವ ತಳಿಗಳಿಗೆ ರೋಗ ತಡೆಯುವ ಗುಣ ಬೇರೆ ಬೇರೆ ಮೂಲದಿಂದ ಬಂದಿರಬೇಕು, ಹೆಸರು ಬೇರೆಯಾದರೆ ಸಾಲದು. ಕೊಯ್ಲಿನ ಕಾಲ ಹೊಂದಬೇಕು, ಇಲ್ಲವೇ ಯುನ್ನಾನಿನವರಂತೆ ಕೈಯಿಂದ ಬೇರೆ ಬೇರೆಯಾಗಿ ಕೊಯ್ಯಲು ತಯಾರಿರಬೇಕು. ಒಂದೇ ತಳಿಯ ಶುದ್ಧ ರಾಶಿ ಕೇಳುವ ಖರೀದಿದಾರರಿದ್ದರೆ ಈ ದಾರಿ ಹೊಂದುವುದಿಲ್ಲ.

ಸರದಿ ಬೆಳೆ

ಒಂದೇ ನೆಲದಲ್ಲಿ ವರ್ಷ ವರ್ಷವೂ ಬೆಳೆ ಬದಲಿಸುವುದರಿಂದ ಮಣ್ಣಿನಲ್ಲಿ ಕಾದು ಕೂರುವ ರೋಗ ಮತ್ತು ಕೀಟಗಳಿಗೆ ಆಸರೆ ತಪ್ಪುತ್ತದೆ. ದ್ವಿದಳ ಧಾನ್ಯದ ಬೇರುಗಂಟುಗಳಲ್ಲಿ ಬದುಕುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದಿಡುತ್ತವೆ, ಮುಂದಿನ ಧಾನ್ಯಕ್ಕೆ ಅದರಲ್ಲಿ ಪಾಲು ಸಿಗುತ್ತದೆ. ಅಮೆರಿಕದ ಅಯೋವಾ ರಾಜ್ಯದಲ್ಲಿ 2003ರಿಂದ ನಡೆದ ಪ್ರಯೋಗವೊಂದರಲ್ಲಿ ಮೆಕ್ಕೆಜೋಳ ಮತ್ತು ಸೋಯಾದ ಎರಡು ವರ್ಷದ ಸರದಿಯ ಪಕ್ಕದಲ್ಲೇ ಓಟ್ಸ್‌ನಂಥ ಧಾನ್ಯ, ಕ್ಲೋವರ್, ಕುದುರೆಮಸಾಲೆ ಮೇವು ಸೇರಿಸಿದ ಮೂರು ಮತ್ತು ನಾಲ್ಕು ವರ್ಷದ ಸರದಿಗಳನ್ನು ಬೆಳೆಸಲಾಯಿತು. ಉದ್ದದ ಸರದಿಗಳಲ್ಲಿ ರಾಸಾಯನಿಕ ಗೊಬ್ಬರ ಮತ್ತು ಕಳೆನಾಶಕ ತೀರಾ ಕಡಿಮೆ ಸಾಕಾಯಿತು, ಇಳುವರಿ ತಗ್ಗಲಿಲ್ಲ, ಲಾಭವೂ ಸಮನಾಗಿಯೇ ಉಳಿಯಿತು. ಹೆಚ್ಚಾದದ್ದು ದುಡಿಮೆ. ಅಂದರೆ ಗೊಬ್ಬರದ ಅಂಗಡಿಗೆ ಹೋಗುತ್ತಿದ್ದ ಹಣ ದುಡಿಯುವವರ ಕಡೆಗೆ ತಿರುಗಿತು. ಹಳ್ಳಿಯ ಕಣ್ಣಿನಿಂದ ನೋಡಿದರೆ ಇದು ಒಳ್ಳೆಯ ಬದಲಾವಣೆ, ದುಡಿಯುವವರು ಇದ್ದರೆ.

ಸರದಿಯಲ್ಲಿ ಒಂದು ತೊಡಕಿದೆ. ಅದು ಕಾಲದಲ್ಲಿ ಹರಡಿದ ವೈವಿಧ್ಯ. ಇಡೀ ಜಮೀನಿಗೆ ಈ ವರ್ಷ ಒಂದೇ ಬೆಳೆ ಹಾಕಿದರೆ ಈ ವರ್ಷದ ಮಳೆಗೆ, ಈ ವರ್ಷದ ಬೆಲೆಗೆ ನೀವು ಏಕಬೆಳೆಯವರೇ. ಜಮೀನನ್ನು ಎರಡು ಮೂರು ಭಾಗ ಮಾಡಿ ಒಂದೊಂದು ಭಾಗ ಸರದಿಯ ಒಂದೊಂದು ಹಂತದಲ್ಲಿರುವಂತೆ ನೋಡಿಕೊಂಡರೆ ಎರಡೂ ಲಾಭ ಸಿಗುತ್ತವೆ. ಇನ್ನೊಂದು, ಸರದಿ ಮುರಿಯುವುದು ಸಾಮಾನ್ಯವಾಗಿ ಅದರ ಅತಿ ಅಗ್ಗದ ಬೆಳೆಯ ವರ್ಷದಲ್ಲಿ. ಆ ಬೆಳೆಗೆ ಕೊಳ್ಳುವವರು ಯಾರು, ಇಲ್ಲದಿದ್ದರೆ ಅದು ದನದ ಮೇವಾಗಬಲ್ಲದೇ ಎಂಬುದನ್ನು ಮೊದಲೇ ತಿಳಿದಿರಬೇಕು.

ಮಿಶ್ರ ಬೆಳೆ: ಹೆಚ್ಚು ಕೊಡುತ್ತದೆ, ಹೆಚ್ಚು ಕೇಳುತ್ತದೆ

ನನ್ನ ಒಲವು ಇದರ ಕಡೆಗಿದೆ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ, ಅದರಲ್ಲೂ ಮಳೆಯನ್ನೇ ನಂಬಿದ ಸಣ್ಣ ಹೊಲಗಳಿಗೆ. ಕಾರಣ, ಒಟ್ಟಿಗೆ ಸೋಲದಿರುವುದು ಎಂದರೇನು ಎಂಬುದನ್ನು ಅಂಕಿಗಳಲ್ಲಿ ಇಷ್ಟು ಸ್ಪಷ್ಟವಾಗಿ ತೋರಿಸಿದ ಪದ್ಧತಿ ಇನ್ನೊಂದಿಲ್ಲ. ಹೈದರಾಬಾದಿನ ಬಳಿ ಇರುವ ಅರೆಶುಷ್ಕ ಉಷ್ಣವಲಯದ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನ ವಿಜ್ಞಾನಿಗಳು ಜೋಳ ಮತ್ತು ತೊಗರಿಯ 94 ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ 1980ರಲ್ಲಿ ಪ್ರಕಟಿಸಿದರು. ಆದಾಯ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಆ ವರ್ಷವನ್ನು ಸೋಲೆಂದು ಎಣಿಸಿದಾಗ, ತೊಗರಿಯೊಂದನ್ನೇ ಬೆಳೆದವರು ಐದು ವರ್ಷಕ್ಕೊಮ್ಮೆ ಸೋಲುತ್ತಾರೆ, ಜೋಳವೊಂದನ್ನೇ ಬೆಳೆದವರು ಎಂಟು ವರ್ಷಕ್ಕೊಮ್ಮೆ. ಎರಡನ್ನೂ ಕೂಡಿಸಿ ಬೆಳೆದವರು 36 ವರ್ಷಕ್ಕೊಮ್ಮೆ.

ಇದಕ್ಕೆ ಕಾರಣ ಆ ಎರಡು ಗಿಡಗಳ ನಡವಳಿಕೆಯಲ್ಲಿದೆ. ಜೋಳ ಬೇಗ ಎದ್ದು ಮಳೆಗಾಲದ ನೀರನ್ನೂ ಬೆಳಕನ್ನೂ ಬಳಸಿಕೊಂಡು ಮೂರು ನಾಲ್ಕು ತಿಂಗಳಲ್ಲಿ ಕೊಯ್ಲಿಗೆ ಬರುತ್ತದೆ. ಅಷ್ಟು ದಿನ ತೊಗರಿ ನಿಧಾನವಾಗಿ ಬೇರು ಇಳಿಸುತ್ತಾ ಕಾಯುತ್ತದೆ. ಜೋಳ ಹೊಲ ಬಿಟ್ಟ ಮೇಲೆ ಆಳದಲ್ಲಿ ಉಳಿದ ತೇವದ ಮೇಲೆ ಅದು ಹರಡುತ್ತದೆ. ಮುಂಗಾರು ಕೈಕೊಟ್ಟು ಜೋಳ ಸೊರಗಿದರೆ ಜಾಗವೂ ಬೆಳಕೂ ತೊಗರಿಗೆ ಬೇಗ ಸಿಗುತ್ತವೆ. ಮಳೆ ಬೇಗ ನಿಂತು ತೊಗರಿ ಬಡವಾದರೆ ಜೋಳ ಆಗಲೇ ಕಣಜ ಸೇರಿರುತ್ತದೆ. ಬೇರೆ ಬೇರೆ ಹೊಲಗಳಲ್ಲಿ ಅರ್ಧರ್ಧ ಬೆಳೆದರೆ ಹೀಗೆ ಒಂದರ ಜಾಗವನ್ನು ಇನ್ನೊಂದು ತುಂಬಿಕೊಳ್ಳುವುದು ಆಗುವುದಿಲ್ಲ.

ಭೂಮಿ ಕಡಿಮೆ ಇರುವವರಿಗೆ ಇನ್ನೊಂದು ಲೆಕ್ಕ ಮುಖ್ಯ. ಜಗತ್ತಿನಾದ್ಯಂತ ನಡೆದ ಮಿಶ್ರ ಬೆಳೆ ಪ್ರಯೋಗಗಳನ್ನು ಒಟ್ಟಾಗಿ ನೋಡಿದಾಗ, ಒಂದು ಎಕರೆ ಮಿಶ್ರ ಬೆಳೆ ಕೊಡುವಷ್ಟನ್ನು ಬೇರೆ ಬೇರೆಯಾಗಿ ಬೆಳೆದು ಪಡೆಯಲು ಸರಾಸರಿ 1.2ರಿಂದ 1.3 ಎಕರೆ ಬೇಕಾಗುತ್ತದೆ. ಮಧ್ಯ ಅಮೆರಿಕದ ರೈತರು ಮೆಕ್ಕೆಜೋಳ, ಹುರುಳಿಕಾಯಿ, ಕುಂಬಳ ಮೂರನ್ನೂ ಸಾವಿರಾರು ವರ್ಷಗಳಿಂದ ಕೂಡಿಸಿ ಬೆಳೆಯುತ್ತ ಬಂದಿರುವುದರ ಹಿಂದೆ ಇದೇ ಅನುಭವವಿದೆ. ಕೀಟದ ವಿಷಯದಲ್ಲಿ ಕೆನ್ಯಾದ ಕೀಟಶಾಸ್ತ್ರ ಸಂಸ್ಥೆ ಇಸಿಪೆ 1990ರ ದಶಕದಲ್ಲಿ ರೂಪಿಸಿದ ದೂಡು-ಸೆಳೆ ಪದ್ಧತಿ ಗಮನಾರ್ಹ. ಮೆಕ್ಕೆಜೋಳದ ಸಾಲುಗಳ ನಡುವೆ ಡೆಸ್ಮೋಡಿಯಂ ಎಂಬ ದ್ವಿದಳ ಮೇವು, ಹೊಲದ ಸುತ್ತ ನೇಪಿಯರ್ ಹುಲ್ಲು. ಒಳಗಿನದರ ವಾಸನೆ ಕಾಂಡಕೊರಕದ ಪತಂಗವನ್ನು ದೂಡುತ್ತದೆ, ಅಂಚಿನದು ಸೆಳೆಯುತ್ತದೆ. ಮೆಕ್ಕೆಜೋಳದ ಬೇರಿಗೆ ಅಂಟಿ ರಸ ಹೀರುವ ಸ್ಟ್ರೈಗಾ ಕಳೆಯನ್ನೂ ಡೆಸ್ಮೋಡಿಯಂ ಬೇರಿನ ಸ್ರಾವ ಅಡಗಿಸುತ್ತದೆ. ಡೆಸ್ಮೋಡಿಯಂ, ನೇಪಿಯರ್ ಎರಡೂ ದನಕ್ಕೆ ಮೇವು. ಸೇರಿಸಿದ ಪ್ರತಿ ಗಿಡಕ್ಕೂ ಒಂದಕ್ಕಿಂತ ಹೆಚ್ಚು ಕೆಲಸ ಇರುವಂಥ ಇಂಥ ಜೋಡಣೆಗಳನ್ನೇ ನಾವು ಹುಡುಕಬೇಕು.

ಹಾಗೆಂದು ಯಾವುದರ ಜೊತೆಗೆ ಯಾವುದನ್ನಾದರೂ ಬೆರೆಸಿದರೆ ನಡೆಯುವುದಿಲ್ಲ. ಎತ್ತರದ್ದಕ್ಕೆ ಗಿಡ್ಡದ್ದು, ಬೇಗ ಬರುವುದಕ್ಕೆ ತಡವಾಗಿ ಬರುವುದು, ಮೇಲುಬೇರಿಗೆ ಆಳಬೇರು, ಧಾನ್ಯಕ್ಕೆ ದ್ವಿದಳ: ಈ ನಾಲ್ಕರಲ್ಲಿ ಎರಡಾದರೂ ಹೊಂದಬೇಕು. ಒಂದೇ ಎತ್ತರದ, ಒಂದೇ ಅವಧಿಯ ಎರಡು ಬೆಳೆಗಳು ಪರಸ್ಪರ ಕಚ್ಚಾಡುತ್ತವೆ. ಒಂದಕ್ಕೆ ಒಗ್ಗುವ ಕಳೆನಾಶಕ ಇನ್ನೊಂದನ್ನು ಕೊಲ್ಲುವುದರಿಂದ ಕಳೆ ಕೈಯಿಂದಲೇ ತೆಗೆಯಬೇಕಾದೀತು. ಕೊಯ್ಲು ಯಂತ್ರಕ್ಕೂ ಬೆರೆಸಿದ ಸಾಲುಗಳಿಗೂ ಹೊಂದುವುದಿಲ್ಲ. ಯಂತ್ರವನ್ನೇ ನಂಬಿದವರು ಯಂತ್ರದ ಅಗಲಕ್ಕೆ ತಕ್ಕಂತೆ ಪಟ್ಟೆಪಟ್ಟೆಯಾಗಿ ಬೆಳೆಯಬಹುದು. ಗಿಡಗಳ ನಡುವಿನ ಕೊಡುಕೊಳ್ಳುವಿಕೆ ಸ್ವಲ್ಪ ತಗ್ಗುತ್ತದೆ, ಆದರೆ ಕೆಲಸ ಸಾಗುತ್ತದೆ.

ಮರಗಳು

ಮರ ನಿಧಾನದ ಆಯ್ಕೆ. ಅದು ಕೊಡುವುದು ನೆರಳು, ಮೇವು, ಸೌದೆ, ಗಾಳಿತಡೆ, ಸೊಪ್ಪುಗೊಬ್ಬರ, ಕಷ್ಟಕಾಲಕ್ಕೆ ಕಡಿದು ಮಾರಬಹುದಾದ ಆಸ್ತಿ. ಬೆಳೆ ಪೂರ್ತಿ ಹೋದ ಬರಗಾಲದಲ್ಲೂ ಇವುಗಳಲ್ಲಿ ಕೆಲವು ಉಳಿದಿರುತ್ತವೆ. ನೈಜರ್ ದೇಶದ ದಕ್ಷಿಣ ಭಾಗದಲ್ಲಿ 1980ರ ದಶಕದಿಂದ ರೈತರು ಸಸಿ ನೆಡುವ ಬದಲು ಹೊಲದಲ್ಲಿ ಉಳಿದಿದ್ದ ಬೊಡ್ಡೆಗಳ ಚಿಗುರನ್ನೇ ಆರಿಸಿ, ಸವರಿ, ಬೆಳೆಯಲು ಬಿಟ್ಟರು. ಹೀಗೆ ಸುಮಾರು 50 ಲಕ್ಷ ಹೆಕ್ಟೇರಿನಲ್ಲಿ ಮರಗಳು ಮತ್ತೆ ಬಂದಿವೆ ಎಂಬುದು ಅಂದಾಜು. ಅವುಗಳಲ್ಲಿ ಗಾವೊ ಎಂಬ ಮರ ಮಳೆಗಾಲದಲ್ಲೇ ಎಲೆ ಉದುರಿಸುವುದರಿಂದ ಕೆಳಗಿನ ಸಜ್ಜೆಗೆ ಬೆಳಕಿನ ಕೊರತೆಯಾಗುವುದಿಲ್ಲ.

ಅಲ್ಲಿ ಇದು ಸಾಧ್ಯವಾದದ್ದರಲ್ಲಿ ಹಕ್ಕಿನ ಪಾತ್ರವೂ ಇದೆ. ಮರಗಳೆಲ್ಲ ಸರ್ಕಾರದ್ದು ಎಂಬ ವಸಾಹತು ಕಾಲದ ಕಾನೂನಿನ ಕೆಳಗೆ ರೈತರಿಗೆ ಮರ ಉಳಿಸುವ ಆಸಕ್ತಿ ಇರಲಿಲ್ಲ. ಹಿಡಿತ ಸಡಿಲವಾಗಿ, ಹೊಲದ ಮರದ ಫಲ ತಮ್ಮದೇ ಎಂಬ ನಂಬಿಕೆ ಹುಟ್ಟಿದ ಮೇಲೆ ಚಿತ್ರ ಬದಲಾಯಿತು. ಆದ್ದರಿಂದ ಗೇಣಿಗೆ ಹಿಡಿದ ನೆಲದಲ್ಲಿ ಮರ ಬೆಳೆಸುವ ಮೊದಲು ಬರವಣಿಗೆಯ ಒಪ್ಪಂದ ಮಾಡಿಕೊಳ್ಳಿ. ಇಲ್ಲವಾದರೆ ನಿಮ್ಮ ಹತ್ತು ವರ್ಷದ ಆರೈಕೆಯ ಫಲ ಬೇರೆಯವರದಾಗುತ್ತದೆ.

ಜಾನುವಾರು

ದನ, ಆಡು, ಕೋಳಿ ಸೇರಿಕೊಂಡಾಗ ಹೊಲದ ಹುಲ್ಲು, ಹೊಟ್ಟು, ಸೊಪ್ಪು ಹಾಲು ಮೊಟ್ಟೆಗಳಾಗುತ್ತವೆ, ಗೊಬ್ಬರ ಹೊಲಕ್ಕೆ ಮರಳುತ್ತದೆ, ವಾರಕ್ಕೊಮ್ಮೆಯಾದರೂ ಕೈಗೆ ಕಾಸು ಬರುತ್ತದೆ. ವರ್ಷಕ್ಕೊಮ್ಮೆ ಬರುವ ಸುಗ್ಗಿಯ ಹಣಕ್ಕಿಂತ ಈ ಸಣ್ಣ ಹಣ ಮನೆ ನಡೆಸುವವರಿಗೆ ಹೆಚ್ಚು ಆಸರೆ. ಹನ್ನೊಂದು ದೇಶಗಳ 2,655 ಜಮೀನುಗಳ ಮಾಹಿತಿಯನ್ನು ಒಟ್ಟುಗೂಡಿಸಿ 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ಬೆಳೆ, ಮರ, ಜಾನುವಾರು, ಮಣ್ಣು, ನೀರು ಇವುಗಳಿಗೆ ಸಂಬಂಧಿಸಿದ ಬೇರೆ ಬೇರೆ ವೈವಿಧ್ಯಗಳನ್ನು ಹೋಲಿಸಿತು. ಜನರ ಯೋಗಕ್ಷೇಮ ಮತ್ತು ಪರಿಸರ ಎರಡಕ್ಕೂ ಹೆಚ್ಚು ಅನುಕೂಲ ತೋರಿಸಿದವುಗಳಲ್ಲಿ ಜಾನುವಾರು ವೈವಿಧ್ಯ ಮತ್ತು ಮಣ್ಣಿನ ರಕ್ಷಣೆ ಮುಂದಿದ್ದವು. ಒಂದೇ ಕ್ರಮಕ್ಕಿಂತ ಹಲವು ಕ್ರಮಗಳನ್ನು ಒಟ್ಟಿಗೆ ಅನುಸರಿಸಿದಲ್ಲಿ ಫಲ ಹೆಚ್ಚಾಗಿತ್ತು.

ಆದರೆ ಜಾನುವಾರಿಗೆ ರಜೆಯಿಲ್ಲ. ದಿನವೂ ಮೇವು ತರುವ, ಕೊಟ್ಟಿಗೆ ಬಳಿಯುವ ಕೈ ಯಾವುದು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಬರದ ವರ್ಷ ಎಲ್ಲರೂ ಒಟ್ಟಿಗೆ ದನ ಮಾರಲು ಹೊರಟಾಗ ಬೆಲೆ ನೆಲಕಚ್ಚುತ್ತದೆ, ಆಗ ದನವೂ ಬೆಳೆಯ ಜೊತೆಗೇ ಸೋಲುತ್ತದೆ. ಒಂದು ದೊಡ್ಡ ಪ್ರಾಣಿಗಿಂತ ಕೆಲವು ಸಣ್ಣ ಪ್ರಾಣಿಗಳು, ಜೊತೆಗೆ ಬರದಲ್ಲೂ ಮೇವು ಕೊಡುವ ನಾಲ್ಕು ಮರ ಇದ್ದರೆ ಈ ಪೆಟ್ಟು ಹಗುರಾಗುತ್ತದೆ.

ಹೊಲದ ವೈವಿಧ್ಯ ತಟ್ಟೆಗೆ ಬರುತ್ತದೆಯೇ?

ಹೆಚ್ಚು ಬಗೆ ಬೆಳೆದರೆ ಹೆಚ್ಚು ಬಗೆ ಉಣ್ಣುತ್ತೇವೆ ಎಂಬುದು ಸಹಜ ನಂಬಿಕೆ. ಭಾಗಶಃ ನಿಜವೂ ಹೌದು. ಇಂಡೊನೇಷ್ಯಾ, ಕೆನ್ಯಾ, ಇಥಿಯೋಪಿಯಾ, ಮಲಾವಿ ದೇಶಗಳ ಸುಮಾರು 8,000 ಕೃಷಿ ಕುಟುಂಬಗಳನ್ನು ಗಮನಿಸಿ 2015ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಒಂದು ಮಿತಿಯನ್ನು ತೋರಿಸಿತು. ಕೆಲವು ಕಡೆ ಬೆಳೆ ವೈವಿಧ್ಯ ಊಟವನ್ನು ಸುಧಾರಿಸಿತ್ತು, ಆಗಲೇ ಹಲವು ಬೆಳೆಗಳಿದ್ದ ಕಡೆ ಇನ್ನೂ ಹೆಚ್ಚಿಸಿದ್ದರಿಂದ ಪ್ರಯೋಜನ ಕಾಣಲಿಲ್ಲ. ಮಾರುಕಟ್ಟೆ ಹತ್ತಿರವಿರುವುದು ಬಹಳಷ್ಟು ಕಡೆ ಅದಕ್ಕಿಂತ ದೊಡ್ಡ ಪರಿಣಾಮ ಬೀರಿತ್ತು.

ಇದರಿಂದ ನಾನು ತೆಗೆದುಕೊಳ್ಳುವ ತೀರ್ಮಾನ ಇಷ್ಟು. ರಸ್ತೆ ಕೆಟ್ಟು ಸಂತೆ ದೂರವಿರುವ ಊರಿನಲ್ಲಿ ಕಾಳು, ಸೊಪ್ಪು, ಹಣ್ಣು, ಮೊಟ್ಟೆ ಮನೆಯ ಬಳಿಯೇ ಆಗಬೇಕು. ಅಲ್ಲಿ ಹಿತ್ತಿಲು ಹೊಲದಷ್ಟೇ ಮುಖ್ಯ. ಸಂತೆ ಹತ್ತಿರವಿರುವಲ್ಲಿ ಒಂದೆರಡು ಬೆಳೆಯನ್ನು ಚೆನ್ನಾಗಿ ಬೆಳೆದು ಉಳಿದದ್ದನ್ನು ಕೊಂಡು ಉಂಡರೆ ತಪ್ಪೇನೂ ಇಲ್ಲ. ಏಳನೆಯ ಬೆಳೆ ಸೇರಿಸುವ ಶ್ರಮವನ್ನು ಕೆಟ್ಟ ರಸ್ತೆಯನ್ನು ಸರಿಮಾಡಿಸುವುದಕ್ಕೆ ಹಾಕಿದರೆ ಊಟ ಹೆಚ್ಚು ಸುಧಾರಿಸಬಹುದು.

ಮನೆಯ ಆಯ್ಕೆ, ಊರಿನ ಆಯ್ಕೆ

ಪ್ರತಿ ಮನೆಯೂ ಹತ್ತು ಬೆಳೆ ಬೆಳೆಯಬೇಕೇ, ಅಥವಾ ಹತ್ತು ಮನೆಗಳು ಒಂದೊಂದರಲ್ಲಿ ಪಳಗಿ ಊರು ವೈವಿಧ್ಯ ಗಳಿಸಿದರೆ ಸಾಕೇ? ಎರಡನೆಯದರಲ್ಲಿ ಕೌಶಲ ಬೆಳೆಯುತ್ತದೆ, ರೋಗವೂ ಊರಿಡೀ ಒಮ್ಮೆಗೇ ಹರಡುವುದಿಲ್ಲ. ಆದರೆ ಸೋತ ಮನೆಗೆ ಗೆದ್ದ ಮನೆ ಆಸರೆಯಾಗುವ ವ್ಯವಸ್ಥೆ ಇದ್ದರೆ ಮಾತ್ರ ಅದು ಎಲ್ಲರ ಭದ್ರತೆ. ಸಹಕಾರ ಸಂಘ, ಕೂಡು ಕಣಜ, ಬೀಜ ಹಂಚಿಕೆ, ನಂಬಿಕೆಯ ಸಾಲ ಇಲ್ಲದ ಊರಿನಲ್ಲಿ ಸೋತವನು ಒಬ್ಬನೇ ಸೋಲುತ್ತಾನೆ. ಅಂಥ ಕಡೆ ಮನೆಯೊಳಗಿನ ವೈವಿಧ್ಯವೇ ಗತಿ.

ಭೂಮಿ ಯಾರ ಕೈಯಲ್ಲಿದೆ ಎಂಬ ಪ್ರಶ್ನೆಯನ್ನು ಬದಿಗಿಟ್ಟು ಊರಿನ ಒಳಿತನ್ನು ಮಾತನಾಡಲಾಗದು. ಮಾನವಶಾಸ್ತ್ರಜ್ಞ ವಾಲ್ಟರ್ ಗೋಲ್ಡ್‌ಸ್ಮಿಟ್ 1940ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಎರಡು ಪಟ್ಟಣಗಳನ್ನು ಹೋಲಿಸಿದರು. ಡಿನೂಬಾದ ಸುತ್ತ ಸಣ್ಣ ಕುಟುಂಬ ಜಮೀನುಗಳು, ಆರ್ವಿನ್ ಸುತ್ತ ಕೂಲಿ ಇಟ್ಟು ನಡೆಸುವ ಬೃಹತ್ ಜಮೀನುಗಳು. ಕೃಷಿ ಉತ್ಪನ್ನದ ಒಟ್ಟು ಮೌಲ್ಯ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಆದರೆ ಶಾಲೆ, ಉದ್ಯಾನ, ಅಂಗಡಿ, ಸಂಘಸಂಸ್ಥೆ, ಊರಿನ ವಿಷಯದಲ್ಲಿ ಜನ ತೀರ್ಮಾನ ತೆಗೆದುಕೊಳ್ಳುವ ಅವಕಾಶ ಎಲ್ಲದರಲ್ಲೂ ಡಿನೂಬಾ ಮುಂದಿತ್ತು. ಎರಡೇ ಊರುಗಳ ಹೋಲಿಕೆಯಿಂದ ಜಗತ್ತಿಗೆಲ್ಲ ನಿಯಮ ಮಾಡಲಾಗದು ನಿಜ. ಆದರೂ ಅದೇ ನೆಲ ಅಷ್ಟೇ ಬೆಳೆದಾಗಲೂ ಗಳಿಕೆ ಎಷ್ಟು ಮನೆಗಳಿಗೆ ಹಂಚಿಹೋಗುತ್ತದೆ ಎಂಬುದು ಊರಿನ ಬದುಕನ್ನು ಬದಲಿಸುತ್ತದೆ ಎಂಬ ಅವರ ಕಾಣ್ಕೆಯನ್ನು ನಾನು ಗಟ್ಟಿಯಾಗಿ ನಂಬುತ್ತೇನೆ. ಒಬ್ಬರ ಒಡೆತನದ ಸಾವಿರ ಎಕರೆಯಲ್ಲಿ ಇಪ್ಪತ್ತು ಬೆಳೆಗಳಿದ್ದರೂ ಅದನ್ನು ಊರಿನ ಸಮೃದ್ಧಿ ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಹಾಗಾದರೆ ಯಾರಿಗೆ ಯಾವುದು?

ಮಳೆಯಾಶ್ರಿತ ನೆಲ, ಭೂಮಿ ಕಡಿಮೆ, ಮನೆಯಲ್ಲಿ ದುಡಿಯುವ ಕೈಗಳಿವೆ ಎಂದಾದರೆ ಬೇಗದ ಧಾನ್ಯಕ್ಕೆ ತಡದ ದ್ವಿದಳ ಸೇರಿಸಿದ ಮಿಶ್ರ ಬೆಳೆ, ಜೊತೆಗೆ ಕೆಲವು ಸಣ್ಣ ಪ್ರಾಣಿಗಳು. ನೀರಿದೆ, ಯಂತ್ರವಿದೆ, ಕೈಗಳಿಲ್ಲ ಎಂದಾದರೆ ಜಮೀನನ್ನು ಭಾಗ ಮಾಡಿ ಸರದಿ ಬೆಳೆ, ಅಥವಾ ಪಟ್ಟೆ ಬೆಳೆ. ಎಲೆರೋಗವೊಂದೇ ಕಾಡುತ್ತಿದ್ದರೆ ತಳಿ ಮಿಶ್ರಣದಿಂದ ಶುರುಮಾಡಿ. ಬೆಲೆಯೇ ಭಯವಾದರೆ ಎರಡನೆಯ ಬೆಳೆ ಬೇರೆ ಖರೀದಿದಾರರದ್ದಾಗಿರಲಿ, ಮೂರನೆಯದು ಮನೆಯ ಊಟಕ್ಕೆ ಆಗುವಂಥದ್ದಿರಲಿ. ಮಣ್ಣು ಸವೆಯುತ್ತಿದ್ದರೆ ಮತ್ತು ನೆಲ ನಿಮ್ಮದೇ ಆಗಿದ್ದರೆ ಬದುಗಳ ಮೇಲೆ ಮರ. ವಯಸ್ಸಾದವರಷ್ಟೇ ಉಳಿದಿರುವ ಮನೆಗೂ ಹೊಲದ ಒಂದು ಭಾಗಕ್ಕೆ ಮರಗಳೇ ಒಳ್ಳೆಯವು, ಏಕೆಂದರೆ ಬೇರೂರಿದ ಮೇಲೆ ಅವು ಕೇಳುವ ದುಡಿಮೆ ಕಡಿಮೆ.

ಸಾಲ ತಲೆಯ ಮೇಲಿರುವವರು ಇಡೀ ಜಮೀನನ್ನು ಒಮ್ಮೆಗೇ ಬದಲಿಸಬೇಡಿ. ಐದರಲ್ಲಿ ಒಂದು ಭಾಗದಲ್ಲಿ ಹೊಸದನ್ನು ಆರಂಭಿಸಿ, ಉಳಿದದ್ದು ನಿಮಗೆ ಗೊತ್ತಿರುವ ಬೆಳೆಗೇ ಇರಲಿ. ಎರಡು ಕಡೆಯ ಖರ್ಚು, ಇಳುವರಿ, ಹಣ ಬಂದ ತಿಂಗಳು, ಯಾರು ಎಷ್ಟು ದಿನ ದುಡಿದರು ಎಂಬುದನ್ನು ಒಂದೇ ಪುಸ್ತಕದಲ್ಲಿ ಬರೆದಿಡಿ. ಒಂದು ಒಳ್ಳೆಯ ವರ್ಷವನ್ನು ನೋಡಿ ಹಿಗ್ಗಿಸಬೇಡಿ, ಒಂದು ಕೆಟ್ಟ ವರ್ಷವನ್ನಾದರೂ ಅದು ದಾಟಿರಲಿ. ಹೊಸ ಬೆಳೆಯ ಕಳೆ ತೆಗೆಯುವ ವಾರ ಮುಖ್ಯ ಬೆಳೆಯ ಕೊಯ್ಲಿನ ವಾರವೇ ಆಗುತ್ತಿದ್ದರೆ ಬಿತ್ತನೆಯ ದಿನ ಹಿಂದೆಮುಂದೆ ಮಾಡಿ ನೋಡಿ. ಆಗಲೂ ಹೊಂದದಿದ್ದರೆ ಆ ಬೆಳೆಯನ್ನು ಸಂಕೋಚವಿಲ್ಲದೆ ಕೈಬಿಟ್ಟು, ಬೇರೆ ತಿಂಗಳಲ್ಲಿ ಕೆಲಸ ಕೇಳುವ ಇನ್ನೊಂದನ್ನು ಹುಡುಕಿ.